ಅಜ್ಜಿಯ ಜೊತೆ ಕ್ವೀನ್ಸ್ ಸುತ್ತಾಟ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ಸುತ್ತಿ ನೋಡುವುದು ಏನನ್ನು? ನ್ಯೂಯಾರ್ಕಿಗೆ ಹೋಗಿ ಬಂದವರನ್ನು ಕೇಳಿದರೆ ಸ್ವಾತಂತ್ರ್ಯದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ ಎಂದು ಪಟ್ಟಿ ಒಪ್ಪಿಸುತ್ತಾರೆ. ಆ ನಗರದ ಐದು ವಿಭಾಗಗಳಲ್ಲಿ ಒಂದಾದ ಕ್ವೀನ್ಸ್ ಈ ಪಟ್ಟಿಯಲ್ಲಿ ಸೇರುವುದು ಅಪರೂಪ. 2020ರ ಜನಗಣತಿಯಂತೆ ಅಲ್ಲಿ 24 ಲಕ್ಷ ಜನ. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೇರೆ ದೇಶಗಳಲ್ಲಿ ಹುಟ್ಟಿದವರು.

ಅಲ್ಲಿನ ಬಡಾವಣೆಗಳನ್ನು ನಡೆಸಿಕೊಂಡು ಹೋಗಿ ತೋರಿಸುವ ಮಾರ್ಗದರ್ಶಕರಿದ್ದಾರೆ. ಈ ಕೆಲಸಕ್ಕೆ ಪರೀಕ್ಷೆ ಬರೆದು ನಗರಾಡಳಿತದ ಪರವಾನಗಿ ಪಡೆಯಬೇಕು. ಮಗಳ ಮನೆಗೆ ಹೋಗಿದ್ದ ಮೈಸೂರಿನ ನಿವೃತ್ತ ದಂಪತಿ ಅಂಥ ಒಂದು ತಂಡ ಸೇರಿಕೊಂಡರು. ಜೊತೆಗೆ ಅಲ್ಲೇ ಹುಟ್ಟಿ ಬೆಳೆದ ಹದಿಮೂರರ ಮೊಮ್ಮಗ. ಸೀರೆಯುಟ್ಟು, ಕನ್ನಡದಲ್ಲಿ ಗಟ್ಟಿಯಾಗಿ ಮಾತನಾಡುವ ಅಜ್ಜಿಯಿಂದ ಅವನಿಗೆ ಮುಜುಗರ. 'ಅಜ್ಜಿ, ಮೆಲ್ಲಗೆ ಮಾತಾಡು, ಎಲ್ಲರೂ ನೋಡ್ತಾರೆ' ಎಂದು ರೈಲಿನಲ್ಲೇ ಪಿಸುಗುಟ್ಟಿದ.

ಏಳನೆಯ ನಂಬರಿನ ಆ ರೈಲು ಕ್ವೀನ್ಸ್‌ನಲ್ಲಿ ಬಹುಪಾಲು ಬೀದಿಯ ಮೇಲೆ ಎತ್ತರಿಸಿದ ಹಳಿಗಳಲ್ಲೇ ಓಡುತ್ತದೆ. ಮೊದಲು ಇಳಿದದ್ದು ಜ್ಯಾಕ್ಸನ್ ಹೈಟ್ಸ್‌ನಲ್ಲಿ. ಒಂದು ಕಡೆ ಸೀರೆ, ಚಿನ್ನ, ಮಿಠಾಯಿ ಅಂಗಡಿಗಳು. ಇನ್ನೊಂದು ಕಡೆ ಟಿಬೆಟ್, ನೇಪಾಳದವರ ಮೊಮೊ. ತಂಡದಲ್ಲೊಬ್ಬರು ಸೀರೆ ಆರಿಸುತ್ತಿದ್ದ ಹೆಂಗಸಿನತ್ತ ಕ್ಯಾಮೆರಾ ತಿರುಗಿಸಿದರು. ಮಾರ್ಗದರ್ಶಕಿ ತಡೆದರು: 'ಮೊದಲು ಅವರನ್ನು ಕೇಳಿ. ಇದು ಅವರು ಬದುಕುವ ಬೀದಿ.' ಮನುಷ್ಯರು ಪ್ರಯೋಗಶಾಲೆಯ ಗಾಜಿನ ಜಾಡಿಯಲ್ಲಿಟ್ಟ ಜೀವಿಗಳಲ್ಲ ತಾನೆ!

ಮುಂದೆ ಕರೋನಾ ಎಂಬ ಬಡಾವಣೆ. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ಸಾಯುವವರೆಗೂ ವಾಸವಿದ್ದ ಸಾಧಾರಣ ಮನೆ ಅಲ್ಲಿದೆ. ಈಗ ಅದು ವಸ್ತುಸಂಗ್ರಹಾಲಯ.

ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್. ಚೀನೀ, ಕೊರಿಯನ್ ಫಲಕಗಳ ನಡುವೆ ನಡೆದರೆ ಬೌನ್ ಬೀದಿ ಸಿಗುತ್ತದೆ. ಆ ಹೆಸರಿನ ಹಿಂದೊಂದು ಕಥೆಯಿದೆ. ಡಚ್ಚರ ಆಡಳಿತ ಕ್ವೇಕರ್ ಎಂಬ ಕ್ರೈಸ್ತ ಪಂಥದವರನ್ನು ಹಿಂಸಿಸುತ್ತಿದ್ದಾಗ, 1657ರಲ್ಲಿ ಊರಿನ ಸುಮಾರು ಮೂವತ್ತು ಮಂದಿ ಅದನ್ನು ಪ್ರತಿಭಟಿಸಿ ಮನವಿಗೆ ಸಹಿ ಹಾಕಿದರು. ಕೆಲವರು ಸೆರೆಮನೆ ಕಂಡರು. ಕ್ವೇಕರರಿಗೆ ತನ್ನ ಮನೆಯಲ್ಲಿ ಸಭೆ ನಡೆಸಲು ಬಿಟ್ಟದ್ದಕ್ಕೆ 1662ರಲ್ಲಿ ಜಾನ್ ಬೌನ್ ಬಂಧಿತನಾಗಿ ಗಡಿಪಾರಾದ. ಹಾಲೆಂಡಿನಲ್ಲಿ ವಾದಿಸಿ ಗೆದ್ದು ಹಿಂತಿರುಗಿದ. ಅವನ ಹೆಸರಿನ ಬೀದಿಯಲ್ಲೇ 1977ರಲ್ಲಿ ಗಣಪತಿಯ ಪ್ರತಿಷ್ಠೆಯಾಯಿತು. ಇಂದು ಅದೇ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಎಲ್ಲ ದೇಶದವರೂ ಸಾಲು ನಿಲ್ಲುತ್ತಾರೆ. ಬಗೆಬಗೆಯ ಜನ ಒಂದೆಡೆ ಬಾಳುವುದು ತಾನಾಗಿ ಆದದ್ದಲ್ಲ. ಅದಕ್ಕಾಗಿ ಯಾರೋ ಕಷ್ಟಪಟ್ಟಿದ್ದಾರೆ.

ದೇವಸ್ಥಾನದಲ್ಲಿ ತಂಡದ ಮಹಿಳೆಯೊಬ್ಬರು ಹುಡುಗನನ್ನು ಕೇಳಿದರು: 'ತೆಂಗಿನಕಾಯಿ ಏಕೆ ಒಡೆಯುತ್ತಾರೆ?' ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ನಿಂತವನು ಅಜ್ಜಿಯತ್ತ ತಿರುಗಿದ. 'ಕಾಯಿಯ ಗಟ್ಟಿ ಚಿಪ್ಪು ನಮ್ಮ ಅಹಂಕಾರ ಕಣೋ. ಅದು ಒಡೆದರೆ ತಾನೆ ಒಳಗಿನ ಬಿಳುಪು ಕಾಣೋದು?' ಎಂದರು ಅಜ್ಜಿ, ಎಂದಿನ ಗಟ್ಟಿ ದನಿಯಲ್ಲೇ. ಹುಡುಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸುತ್ತ ನಿಂತವರೆಲ್ಲ ಕಿವಿಗೊಟ್ಟು ಕೇಳಿದರು.

ಮರಳುವಾಗ ರೈಲಿನಲ್ಲಿ ಅಜ್ಜಿಯ ಮಾತು ಮತ್ತೆ ಜೋರಾಯಿತು. ಈ ಸಲ ಮೆಲ್ಲಗೆ ಮಾತಾಡು ಎಂದು ಅವನು ಹೇಳಲಿಲ್ಲ. ಬೇರೆಯವರ ಬೀದಿ ನೋಡಲು ಹೊರಟ ಹುಡುಗನಿಗೆ ಅಂದು ತನ್ನ ಮನೆಯೂ ಕಂಡಿತ್ತು.