ಎಸ್‌ಪಿಎಫ್ 50: ಯಾರ ಬೆನ್ನಿನ ಮೇಲೆ ಅಳೆದದ್ದು?

2025ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ‘ಚಾಯ್ಸ್’ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆ ಮಾಡಿಸಿದ ಫಲಿತಾಂಶ ಹೊರಬಂತು. 16 ಕ್ರೀಮುಗಳು ಟ್ಯೂಬಿನ ಮೇಲೆ ಬರೆದಷ್ಟು ಎಸ್‌ಪಿಎಫ್ ಮುಟ್ಟಲಿಲ್ಲ. 50+ ಅಂತ ಬರೆದುಕೊಂಡಿದ್ದ ಒಂದಕ್ಕೆ ಸಿಕ್ಕಿದ್ದು 4! ನೀವು ಇಲ್ಲಿಯವರಾದರೆ ಆ ವಾರ ನಿಮ್ಮ ವಾಟ್ಸ್‌ಆಪ್ ಗುಂಪಿನಲ್ಲೂ ಇದೇ ಚರ್ಚೆ ನಡೆದಿರುತ್ತೆ: ಯಾವುದು ಪಾಸು, ಯಾವುದು ಫೇಲು, ಊರಿಗೆ ಹೊತ್ತುಕೊಂಡು ಹೋಗಿ ಹಂಚಿದ್ದು ಯಾವ ಪಟ್ಟಿಯಲ್ಲಿದೆ.

ನನಗೆ ಕುತೂಹಲ ಹುಟ್ಟಿದ್ದು ಆ ಅಂಕಿಯ ಬಗ್ಗೆಯೇ. ದಿನವಿಡೀ ಡೇಟಾ ಜೊತೆ ಗುದ್ದಾಡುವವರಿಗೆ ಒಂದು ಚಟ ಇರುತ್ತೆ ನೋಡಿ, ಸಂಖ್ಯೆ ಕಂಡ ಕೂಡಲೇ ‘ಸ್ಯಾಂಪಲ್ ಯಾವುದು?’ ಅಂತ ಕೇಳೋದು. ಇಲ್ಲಿ ಸ್ಯಾಂಪಲ್ ಅಂದರೆ ಮನುಷ್ಯರ ಬೆನ್ನು, ಕನಿಷ್ಠ 10 ಜನರದ್ದು. ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಹಚ್ಚಿ, ದೀಪದಿಂದ ಅತಿನೇರಳೆ ಕಿರಣ ಬಿಟ್ಟು, ಎಷ್ಟು ಕಿರಣಕ್ಕೆ ಚರ್ಮ ಕೆಂಪಾಯಿತು ಅಂತ ಮಾರನೇ ದಿನ ನೋಡ್ತಾರೆ. ಕ್ರೀಮಿಲ್ಲದ ಜಾಗಕ್ಕಿಂತ ಎಷ್ಟು ಪಟ್ಟು ಹೆಚ್ಚು ಬೇಕಾಯಿತೋ ಅದರ ಸರಾಸರಿಯೇ ಎಸ್‌ಪಿಎಫ್. (ನಾವು ನೀವು ಮುಖಕ್ಕೆ ಸವರಿಕೊಳ್ಳೋದು ಅದರ ಅರ್ಧವೂ ಇರಲ್ಲ ಬಿಡಿ.) ಕೆಂಪು ಎದ್ದು ಕಾಣಬೇಕಲ್ಲ, ಹಾಗಾಗಿ ಆರಿಸೋದು ತಿಳಿಬಣ್ಣದ ಚರ್ಮದವರನ್ನು. ನಮ್ಮಂಥವರ ಬೆನ್ನಿಗೆ ಅಲ್ಲಿ ಜಾಗ ಇಲ್ಲ.

ಬಿಳಿಯರಿಗೆ ಈ ಅಳತೆ ಸರಿಯೇ. ಮೆಲನೋಮಾ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಇದೂ ಒಂದು. ನಮ್ಮವರು ಕೊಳ್ಳೋದು ಮಾತ್ರ ಬೇರೆ ಕಾರಣಕ್ಕೆ. ದಾವಣಗೆರೆಯಲ್ಲಿರುವ ನನ್ನ ಅತ್ತಿಗೆಗೆ ಎರಡನೇ ಹೆರಿಗೆ ಆದಮೇಲೆ ಕೆನ್ನೆ ಮೇಲೆ ಬಂಗು ಬಂತು. ಮದುವೆ ಮನೆಗಳಲ್ಲಿ “ಯಾಕಮ್ಮ ಮುಖ ಹಿಂಗಾಯ್ತು?” ಅನ್ನೋದನ್ನು ಕೇಳಿ ಕೇಳಿ, ಈಗ ಫೋಟೋ ಅಂದರೆ ಹಿಂದಿನ ಸಾಲಿಗೆ ಸರಿದುಬಿಡ್ತಾರೆ. “ಎರಡು ವರ್ಷದಿಂದ 50 ಹಚ್ತಿದೀನಿ, ಹೋಗವಲ್ದು. ನಿಮ್ಮ ಕಡೆ 100 ಸಿಗ್ತದೇನು?” ಅಂತ ಕೇಳಿದರು.

ಇಲ್ಲಿ ಲೇಬಲ್ ಮೇಲೆ 50+ ದಾಟಿ ಬರೆಯುವಂತಿಲ್ಲ. ಬರೆದಿದ್ದರೂ ಅವರಿಗೆ ಉಪಯೋಗ ಅಷ್ಟಕ್ಕಷ್ಟೇ. ಎಸ್‌ಪಿಎಫ್ ಹೇಳೋದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣದ ಕತೆ. ನಮ್ಮ ಬಣ್ಣದ ಚರ್ಮದಲ್ಲಿ ಬಂಗು ಗಾಢವಾಗೋದಕ್ಕೆ ಕಣ್ಣಿಗೆ ಕಾಣುವ ಬೆಳಕೂ ಕಾರಣ. ಬಣ್ಣವಿಲ್ಲದ ಕ್ರೀಮು ಅದನ್ನು ಅಷ್ಟಾಗಿ ತಡೆಯಲ್ಲ, ಐರನ್ ಆಕ್ಸೈಡ್ ಇರುವ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಅದೆಷ್ಟು ತಡೆಯುತ್ತೆ ಅನ್ನೋದನ್ನು ಎಸ್‌ಪಿಎಫ್ ಹೇಳಲ್ಲ.

ಈಗ ಮಾರುಕಟ್ಟೆಯಲ್ಲಿ ‘ನೋ ವೈಟ್ ಕಾಸ್ಟ್’ನದೇ ಜಪ, ಹಚ್ಚಿದ ಕೂಡಲೇ ಮಾಯವಾಗುವ ಜೆಲ್. ನ್ಯಾಯವಾದ ಬೇಡಿಕೆಯೇ, ಮುಖಕ್ಕೆ ವಿಭೂತಿ ಬಳಿದಂತೆ ಕಾಣೋದು ಯಾರಿಗೆ ಬೇಕು? ಆದರೆ ಅತ್ತಿಗೆಗೆ ಬೇಕಿರೋದು ಮಾಯವಾಗದೆ, ಅವರ ಬಣ್ಣಕ್ಕೇ ಹೊಂದಿಕೊಂಡು ಕೂರುವ ಕ್ರೀಮು. ಜಾಹೀರಾತಿನಲ್ಲಿ ಪಕ್ಕಕ್ಕೇ ‘ಟ್ಯಾನ್ ರಿಮೂವಲ್’ ಅಂತಲೂ ಇರುತ್ತೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿಕೊಂಡಿತಲ್ಲ, ಆ ಬೆಳ್ಳಗಾಗುವ ಆಸೆ ಈಗ ಸನ್‌ಸ್ಕ್ರೀನ್ ಸಾಲಿನಲ್ಲಿ ಬಂದು ಕೂತಿದೆ ಅಂತ ನನ್ನ ಗುಮಾನಿ.

ಬಂಗು ಇಲ್ಲದ ಗಾಢ ಬಣ್ಣದವರು ದಿನಾ ಹಚ್ಚಬೇಕಾ? ಆಸ್ಟ್ರೇಲಿಯಾದ ತಜ್ಞರು 2024ರಲ್ಲಿ ಚರ್ಮದ ಬಣ್ಣ ನೋಡಿ ಮೂರು ಬೇರೆ ಬೇರೆ ಸಲಹೆ ಕೊಟ್ಟಿದ್ದಾರೆ. ಗಾಢ ಕಂದು, ಕಪ್ಪು ಚರ್ಮದವರಿಗೆ ದಿನನಿತ್ಯ ಅಗತ್ಯವಿಲ್ಲ, ಬಹಳ ಹೊತ್ತು ಬಿಸಿಲಲ್ಲಿ ಇರುವಾಗ ಸಾಕು. ಅವರಿಗೆ ವಿಟಮಿನ್ ಡಿ ಕೊರತೆಯದೇ ಹೆಚ್ಚು ಚಿಂತೆ.

ಅತ್ತಿಗೆಗೆ ಅಂತ ಮನೆ ಹತ್ತಿರದ ಔಷಧಿ ಅಂಗಡಿಗೆ ಹೋದೆ. ಟಿಂಟ್ ಇದ್ದದ್ದು ಎರಡೇ, ಲೈಟ್ ಮತ್ತು ಮೀಡಿಯಂ. ಮೀಡಿಯಂ ನನ್ನ ಕೈ ಮೇಲೆ ಬೂದಿ ಥರ ಕಂಡಿತು, ಅತ್ತಿಗೆ ನನಗಿಂತ ಒಂದು ಕೈ ಕಪ್ಪು. ತರಲಿಲ್ಲ. ಈಗ ದಾವಣಗೆರೆಯ ಚರ್ಮದ ಡಾಕ್ಟರ್ ಬರೆದುಕೊಟ್ಟ ಟಿಂಟೆಡ್ ಕ್ರೀಮನ್ನೇ ಎರಡು ಬೆರಳುದ್ದ ತೆಗೆದು ಹಚ್ಚಿಕೊಳ್ತಿದ್ದಾರೆ.