ಅಪ್ಪನ ಕಿವಿ

ನಮ್ಮಪ್ಪ ಹುಬ್ಬಳ್ಳಿ–ಪುಣೆ ದಾರಿಯಲ್ಲಿ ಲಾರಿ ಹೊಡೆಯುತ್ತಾನೆ. ನಾನು ಪುಣೆಯಲ್ಲಿ ಮೆಕ್ಯಾನಿಕಲ್ ಓದುತ್ತೇನೆ. ಸೆಮಿನಾರಿಗೆ ನಾನು ಆರಿಸಿಕೊಂಡದ್ದು ಜಪಾನಿನ ಮಾಜ್ದಾ ಆರ್‌ಎಕ್ಸ್-7 ಕಾರು. 1991ರಿಂದ 2002ರವರೆಗೆ ತಯಾರಾದ, ಎರಡು ಟರ್ಬೊಗಳ ಮಾದರಿ. ಅದಕ್ಕೆ ಪಿಸ್ಟನ್ನೇ ಇಲ್ಲ. ತಲಾ 654 ಸಿ.ಸಿ.ಯ ಎರಡು ಕೋಣೆಗಳಲ್ಲಿ ತ್ರಿಕೋನದ ರೋಟರುಗಳು ತಿರುಗುತ್ತವೆ.

ಅಪ್ಪ ಹಾಸ್ಟೆಲಿಗೆ ಬಂದಾಗ ಜಂಬದಿಂದ ಹೇಳಿದೆ: “ಇದು ನಿನ್ನ ಲಾರಿಯಂಗಲ್ಲಪಾ. ಜೋರ್ ತಿರುಗಿದಷ್ಟೂ ಚಲೋ.”

ಅಪ್ಪ ಚಹಾ ಆರಿಸ್ಕೋತ ಅಂದ: “ಎಂಜಿನ್ ಯಾವುದರ ಇರಲಿ, ತಿಣುಕಬಾರ್ದು, ಒದರಬಾರ್ದು. ನಡುವಿನ ಸಪ್ಪಳದಾಗ ಎಣ್ಣಿ ಉಳಿತೈತಿ.”

ಗೆಳೆಯರೆದುರು ನನಗೆ ನಾಚಿಕೆಯಾಯಿತು. ಮಾತು ಬದಲಿಸಿದೆ.

ಆಮೇಲೆ ಓದಲು ಕೂತೆ. ಒಂದೇ ವೇಗದ ಓಟಕ್ಕೆ ಕೆಳಗಿನ ಗೇರಿನಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗಿದರೆ, ಒಳಗಿನ ಉಜ್ಜಾಟಕ್ಕೇ ಪೆಟ್ರೋಲ್ ಹೋಗುತ್ತದೆ. ಸುತ್ತು ತೀರ ಇಳಿದರೆ, ರೋಟರಿನ ಮೂಲೆಯ ಸೀಲುಗಳ ಸಂದಿಯಲ್ಲಿ ಅನಿಲ ಸೋರಲು, ಉದ್ದನೆಯ ಚಪ್ಪಟೆ ಕೋಣೆಯ ಗೋಡೆಗೆ ಶಾಖ ಇಳಿಯಲು ಪುರಸತ್ತು ಸಿಗುತ್ತದೆ. ಜೊತೆಗೆ ಟರ್ಬೊ! ಅದು ಗಾಳಿ ತುರುಕತೊಡಗಿದರೆ, ಎಂಜಿನ್ ಕೆಡದಂತೆ ಪೆಟ್ರೋಲನ್ನೂ ಧಾರಾಳವಾಗಿ ಸುರಿಯಬೇಕು. ಕೊನೆಗೆ ಉಳಿದದ್ದು: ಮೇಲಿನ ಗೇರು, ಹಗುರ ಕಾಲು, ತಿಣುಕದಷ್ಟು ಸುತ್ತು.

ಮೀಟರಿನ ಮುಳ್ಳು ನೋಡದೆ, ಬರೀ ಕಿವಿಯಿಂದ ಅಪ್ಪ ಹೇಳಿದ್ದೂ ಇದನ್ನೇ.

ಸೆಮಿನಾರಿನಲ್ಲಿ ಕೊನೆಯ ವಾಕ್ಯವಾಗಿ ಅವನ ಮಾತನ್ನೇ ಇಟ್ಟೆ. “ಇದು ಯಾವ ಪುಸ್ತಕದ್ದು?” ಎಂದರು ಪ್ರೊಫೆಸರು.

“ನಮ್ಮಪ್ಪನದು ಸರ್. ಲಾರಿ ಡ್ರೈವರ್” ಅಂದೆ. ಈ ಕಾಲೇಜಿನಲ್ಲಿ ಮೊದಲ ಸಲ, ದನಿ ತಗ್ಗಿಸದೆ.