ಚಳಿಗಾಲದ ಟೈರು ಪುರಾಣ

ಮಾಂಟ್ರಿಯಲ್‌ನಲ್ಲಿ ಅಕ್ಟೋಬರ್ ಕೊನೆ ಬಂತೆಂದರೆ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಮಾತು ರಾಜ್ಯೋತ್ಸವದಿಂದ ಶುರುವಾಗಿ ಟೈರಿನಲ್ಲಿ ಮುಗಿಯುತ್ತೆ. "ಹಾಕಿಸಿದ್ರಾ?" ಅಂದ್ರೆ ಸಾಕು, ಏನನ್ನು ಅಂತ ಯಾರೂ ಕೇಳಲ್ಲ. ಊರಲ್ಲಿರೋ ಬ್ಲಾಗಿಗ ಮಿತ್ರರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಟೈರು ಸವೆದ ಮೇಲೆ ಬದಲಾಯಿಸ್ತೀವಿ, ಇಲ್ಲಿ ಸವೆಯದಿದ್ದರೂ ವರ್ಷಕ್ಕೆರಡು ಸಲ ಬದಲಾಯಿಸಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಇದಕ್ಕೆ ಕಾನೂನೇ ಇದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಸಿಕ್ಕಿಬಿದ್ದರೆ 200ರಿಂದ 300 ಡಾಲರ್ ದಂಡ.

ಈ ಸಲ ನನ್ನ ತಲೆಗೆ ಬಂದದ್ದು ದಾವಣಗೆರೆ ಕಡೆಯ ಗೆಳೆಯನೊಬ್ಬನ ಟೈರು. 2022ರ ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್ ಕಾರನ್ನ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ. ಸೊನ್ನೆಯಿಂದ ನೂರಕ್ಕೆ 3.3 ಸೆಕೆಂಡು! ಗರಿಷ್ಠ ವೇಗ ಗಂಟೆಗೆ 261 ಕಿ.ಮೀ. ಇಲ್ಲಿಯ ಹೆದ್ದಾರಿಯ ಮಿತಿ 100 ಅನ್ನೋದು ಬೇರೆ ಮಾತು :) ಕೂತವರನ್ನೆಲ್ಲ ಸೀಟಿಗೆ ಒತ್ತಿ ತೋರಿಸಿದ್ದೂ ಆಗಿತ್ತು. ಈಗ ಅವನ ವಾದ ಹೀಗೆ: "ಅಣ್ಣಾ, ಇದಕ್ಕೆ ಎರಡು ಮೋಟಾರು, ನಾಲ್ಕೂ ಚಕ್ರಕ್ಕೆ ಶಕ್ತಿ. ಸಾಧಾರಣ ಟೈರೇ ಸಾಕಲ್ಲ? ಕಾನೂನಿಗೋಸ್ಕರ ಅಗ್ಗದ್ದು ಯಾವುದೋ ಒಂದು ಹಾಕಿಸ್ತೀನಿ. ಚಕ್ರ ಮಾತ್ರ ಇದೇ 20 ಇಂಚಿಂದು ಇರ್ಲಿ, ಎಷ್ಟು ಚೆಂದ ಕಾಣ್ತವೆ!"

ಅಲ್ಲೋ ಮಾರಾಯ, ನಾಲ್ಕು ಚಕ್ರದ ಶಕ್ತಿ ಗಾಡಿಯನ್ನ ಹೊರಡಿಸೋದಕ್ಕೆ. ಬ್ರೇಕು ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೇ ಇರೋದು. ಅದರಲ್ಲಿ ನಿನಗೆ ಹೆಚ್ಚೇನೂ ಸಿಗಲ್ಲ. ಬದಲಿಗೆ ನಿನ್ನ ಕಾರು ಸುಮಾರು 1,840 ಕೆಜಿ ತೂಗುತ್ತೆ. ಅಷ್ಟನ್ನೂ ನಿಲ್ಲಿಸಬೇಕಾದ್ದು ನೆಲಕ್ಕೆ ತಾಗಿರೋ ನಾಲ್ಕು ಅಂಗೈಯಗಲದ ರಬ್ಬರು.

ಆ ರಬ್ಬರಿನ ಕಥೆ ಕೇಳಿ. ಊರಲ್ಲಿ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತಲ್ಲ, ಬೇಸಿಗೆಯ ಸ್ಪೋರ್ಟ್ಸ್ ಟೈರೂ ಚಳಿಗೆ ಹಾಗೇ ಬಿರುಸಾಗುತ್ತೆ. ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ, ಹಿಮವೇ ಬೀಳದಿದ್ದರೂ, ಅದರ ಹಿಡಿತ ಕಮ್ಮಿಯಾಗ್ತಾ ಹೋಗುತ್ತೆ. ತೀರಾ ಚಳಿಯಲ್ಲಿ ಓಡಿಸಿದರೆ ಬಿರುಕು ಬಿಡೋದೂ ಉಂಟು. ಚಳಿಗಾಲದ ಟೈರಿನ ರಬ್ಬರು ಮೈನಸ್ ಇಪ್ಪತ್ತರಲ್ಲೂ ಮೆತ್ತಗಿರುತ್ತೆ. ಮೇಲಿಂದ ಅದರ ಮೈತುಂಬ ಸಣ್ಣ ಸಣ್ಣ ಸೀಳುಗಳು. ಆ ಸೀಳಿನ ಅಂಚುಗಳೇ ಹಿಮವನ್ನ ಕಚ್ಚಿ ಹಿಡಿಯೋದು. ಇದು ಹೊಸ ವಿದ್ಯೆ ಏನಲ್ಲ. ಇವತ್ತಿನ ನೋಕಿಯನ್ ಟೈರ್ಸ್‌ನ ಮೂಲವಾದ ಫಿನ್ಲೆಂಡಿನ ಕಂಪನಿ 1934ರಲ್ಲೇ ಲಾರಿಗಳಿಗೆ ಹಿಮದ ಟೈರು ಮಾಡಿತ್ತು. 1936ರಲ್ಲಿ ಕಾರುಗಳಿಗೆ ಹಾಕಪೆಲೀಟ್ಟ ಅಂತ ಬಂತು, ಆ ಹೆಸರು ಈಗಲೂ ನಡೀತಿದೆ.

ಟೈರು ಕೊಳ್ಳುವಾಗ ನೋಡಬೇಕಾದ್ದು ಪಕ್ಕದಲ್ಲಿ ಒತ್ತಿರೋ ಗುರುತು. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗಷ್ಟೇ ಇದು ಸಿಗುತ್ತೆ. ಬರೀ 'ಎಂ+ಎಸ್' ಅಂತಿದ್ದರೆ ಅದು ಟೈರಿನ ಗೆರೆಗಳ ವಿನ್ಯಾಸ ನೋಡಿ ಬರೆದದ್ದು, ಅದಕ್ಕೆ ಹಿಮದ ಪರೀಕ್ಷೆಯೇ ಇಲ್ಲ. ಕ್ವಿಬೆಕ್‌ನಲ್ಲಿ 2014ರ ಡಿಸೆಂಬರ್‌ನಿಂದ ಬೆಟ್ಟದ ಗುರುತೇ ಬೇಕು.

ಇನ್ನು ಚಕ್ರದ ವಿಷಯ. ಗೆಳೆಯನ 20 ಇಂಚಿನ ಚಕ್ರಕ್ಕೆ 235/35 ಟೈರು. ಅಂದರೆ ಅದರ ಪಕ್ಕದ ಗೋಡೆಯ ಎತ್ತರ ಹೆಚ್ಚುಕಮ್ಮಿ 82 ಮಿ.ಮೀ. ಅದೇ 18 ಇಂಚಿನ ಚಕ್ರಕ್ಕೆ 235/45 ಹಾಕಿದರೆ 106 ಮಿ.ಮೀ. ಒಟ್ಟು ವ್ಯಾಸದಲ್ಲಿ 4 ಮಿ.ಮೀ. ಕೂಡ ವ್ಯತ್ಯಾಸ ಬರಲ್ಲ, ಸ್ಪೀಡೋಮೀಟರಿಗೂ ತೊಂದರೆಯಿಲ್ಲ. ಹೆಚ್ಚಾದ ಆ ಒಂದಿಂಚು ರಬ್ಬರು ಯಾಕೆ ಬೇಕು ಅಂದರೆ, ಮಾಂಟ್ರಿಯಲ್ ರಸ್ತೆಗಳಿಗೋಸ್ಕರ! ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತೆ, ಹಗಲು ಕರಗುತ್ತೆ, ನಾಲ್ಕು ಸಲ ಹಾಗಾದರೆ ಡಾಂಬರು ಎದ್ದು ಗುಂಡಿ. ಇಲ್ಲಿಯ ಫ್ರೆಂಚಿನಲ್ಲಿ ಆ ಗುಂಡಿಗೆ 'ನಿ ದ ಪೂಲ್' ಅಂತಾರೆ, ಅಂದರೆ ಕೋಳಿಗೂಡು. ತೆಳ್ಳನೆ ಟೈರಿನ ದೊಡ್ಡ ಚಕ್ರ ಅಂಥ ಗೂಡಿಗೆ ಬಿದ್ದರೆ ಅಂಚು ಬಾಗುತ್ತೆ, ಇಲ್ಲಾ ಟೈರು ಉಬ್ಬುತ್ತೆ. ಈ ಕಾರಲ್ಲಿ ಸ್ಟೆಪ್ನಿಯೂ ಇಲ್ಲ. ಮೈನಸ್ ಇಪ್ಪತ್ತರಲ್ಲಿ ಟೋ ಟ್ರಕ್ಕಿಗೆ ಕಾಯೋ ಸುಖ ಯಾರಿಗೂ ಬೇಡ.

ಹಾಗಂತ ಸಿಕ್ಕಿದ 18 ಇಂಚಿನ ಚಕ್ರ ತಂದು ಹಾಕೋ ಹಾಗೂ ಇಲ್ಲ. ಈ ಮಾಡೆಲಿನ ದೊಡ್ಡ ಬ್ರೇಕಿಗೆ ತಾಗದ ಹಾಗೆ ಕೂರೋದೇ ಬೇಕು. ಟೈರಿನ ಭಾರದ ಸಂಖ್ಯೆಯೂ ನೋಡಬೇಕು. 98 ಅಂದರೆ ಒಂದೊಂದು ಟೈರು 750 ಕೆಜಿ ಹೊರುತ್ತೆ. ಗಾಳಿಯ ಸೆನ್ಸರು ಬ್ಲೂಟೂತಿನದ್ದೋ ಹಳೇ ರೇಡಿಯೋದ್ದೋ ಅಂತ ಅಂಗಡಿಯವನಿಗೆ ಮೊದಲೇ ಹೇಳಬೇಕು. ಇವನದ್ದು ಬ್ಲೂಟೂತು. ಜ್ಯಾಕನ್ನೂ ತೋರಿಸಿದ ನಾಲ್ಕು ಜಾಗಕ್ಕೇ ಕೊಡಬೇಕು, ತಪ್ಪಿದರೆ ಹೊಟ್ಟೆಯಡಿ ಇರೋದು ಬ್ಯಾಟರಿ.

ಅಂಗಡಿಯವರು ಗಂಟೆಗೆ 240 ಕಿ.ಮೀ. ತಡೆಯೋ 'ಪರ್ಫಾರ್ಮೆನ್ಸ್ ವಿಂಟರ್' ಟೈರು ತೋರಿಸಿದರಂತೆ. ಹಿಮ ಅಪರೂಪವಾಗಿರೋ, ಹೆದ್ದಾರಿಯಲ್ಲಿ ಜೋರಾಗಿ ಹೋಗೋ ಜರ್ಮನಿಯಂಥ ಕಡೆಗೆ ಅದು ಸರಿ. ನಾಲ್ಕು ತಿಂಗಳು ಹಿಮ, ಮಂಜುಗಡ್ಡೆ ತುಳಿಯೋ ಊರಿಗೆ ಅದಕ್ಕಿಂತ ಮೆತ್ತನೆಯ ನಾರ್ಡಿಕ್ ಜಾತಿಯದ್ದು ಬೇಕು. ಅದರ ಮಿತಿ 'ಟಿ' ಅಂತಿದ್ದರೆ 190 ಕಿ.ಮೀ. ಅದೇ ನಮಗೆ ಧಾರಾಳ. ತಿರುವಿನಲ್ಲಿ ಸ್ವಲ್ಪ ಓಲಾಡಿದ ಹಾಗೆ ಅನ್ನಿಸುತ್ತೆ, ಅನ್ನಿಸಲಿ ಬಿಡಿ.

2016ರ ಡಿಸೆಂಬರ್ 5ರಂದು ಇದೇ ಮಾಂಟ್ರಿಯಲ್‌ನ ಬೀವರ್ ಹಾಲ್ ಇಳಿಜಾರಿನಲ್ಲಿ ಆದದ್ದನ್ನ ಕೆಲವರು ವಿಡಿಯೋದಲ್ಲಿ ನೋಡಿರಬಹುದು. ಬಸ್ಸು ಜಾರಿತು, ಕಾರುಗಳು ಜಾರಿದವು, ಪೊಲೀಸ್ ಕಾರು ಜಾರಿತು, ಕೊನೆಗೆ ಹಿಮ ಬಳಿಯೋ ಲಾರಿಯೂ ನಿಧಾನಕ್ಕೆ ಜಾರಿಬಂದು ಪೊಲೀಸರಿಗೇ ಗುದ್ದಿತು. ಅದನ್ನು ನೋಡುವಾಗ ನಗು ಬರುತ್ತೆ ನಿಜ. ಆದರೆ ಅಲ್ಲಿ ಯಾರೂ ಜೋರಾಗಿ ಓಡಿಸ್ತಿರಲಿಲ್ಲ ಅನ್ನೋದನ್ನ ಗಮನಿಸಿ.

ಗೆಳೆಯನಿಗೆ ಇನ್ನೊಂದು ಮಾತೂ ಹೇಳಿದೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಕೆಲಸ ಮಾಡೋದು. ಬೆಳಿಗ್ಗೆ ಐದೂವರೆಗೆ, ಹಿಮ ಬಳಿಯೋ ಗಾಡಿ ಇನ್ನೂ ಬಂದಿರದ ಹೊತ್ತಿಗೆ, ಕೋತ್-ದೆ-ನೇಜ್ ಇಳಿಜಾರಿನಲ್ಲಿ ಈ ಕಾರು ಓಡಿಸೋದು ಅವಳು. ಹಿಂದಿನ ಸೀಟಲ್ಲಿ ಮಗು. ಆ ರಸ್ತೆಯ ಹೆಸರಿನ ಅರ್ಥವೇ ಹಿಮದ ದಿಬ್ಬ ಅಂತ. ಬ್ಯಾಟರಿ ತಣ್ಣಗಿರುವಾಗ ಪೆಡಲಿನಿಂದ ಕಾಲು ತೆಗೆದರೆ ದಿನದ ಹಾಗೆ ಕಾರು ನಿಧಾನ ಆಗಲ್ಲ. ಬ್ಯಾಟರಿ ಬೆಚ್ಚಗಾದ ಮೇಲೆ ಐಸಿನ ಮೇಲೆ ಥಟ್ಟಂತ ಕಾಲು ತೆಗೆದರೆ ಅದೇ ಬ್ರೇಕು ಹಾಕಿದಂತಾಗಿ ಚಕ್ರ ಜಾರಬಹುದು. ಎರಡಕ್ಕೂ ಟೈರೇ ಗತಿ.

ಇಷ್ಟಾದರೂ ಅವನು ಚೆಂದದ ಮಾತು ಬಿಟ್ಟಿರಲಿಲ್ಲ. ಫೋನು ಸ್ಪೀಕರಿನಲ್ಲಿತ್ತು ಅಂತ ಕಾಣುತ್ತೆ, ಪಕ್ಕದಿಂದ ಅವಳೇ ಅಂದಳು, "ಅಣ್ಣಾ, ಮೂರು ಸೆಕೆಂಡು ಅವರಿಗೇ ಇರ್ಲಿ. ನಂಗೆ ಕೆಂಪು ದೀಪಕ್ಕೆ ನಿಂತ್ರೆ ಸಾಕು."

ಚಕ್ರ, ಟೈರು, ಸೆನ್ಸರು ಎಲ್ಲ ಸೇರಿ 2,400 ಡಾಲರ್ ಆಯ್ತು. ನೋವಾಗೋ ದುಡ್ಡೇ. ಆದರೆ ಅಷ್ಟು ದಿನ ಬೇಸಿಗೆಯ ಟೈರು ಸವೆಯಲ್ಲ, ಚೆಂದದ ಚಕ್ರಗಳು ರಸ್ತೆಯ ಉಪ್ಪು ತಿನ್ನದೆ ನೆಲಮಾಳಿಗೆಯಲ್ಲಿ ಬೆಚ್ಚಗಿರುತ್ತವೆ. ನಟ್ಟುಗಳನ್ನ 175 ನ್ಯೂಟನ್ ಮೀಟರಿಗೆ ಬಿಗಿಸಿ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡು ಅಂತ ಹೇಳಿದ್ದೀನಿ. ಗಾಳಿಯನ್ನೂ ಆಗಾಗ ನೋಡಬೇಕು. 20 ಡಿಗ್ರಿಯಲ್ಲಿ 42 ಪಿಎಸ್‌ಐ ತುಂಬಿಸಿದ್ದು ಮೈನಸ್ 20ಕ್ಕೆ ಇಳಿದರೆ ಏಳೆಂಟು ಪಿಎಸ್‌ಐ ಕಮ್ಮಿಯಾಗಿರುತ್ತೆ.

ಹಿಮದೂರುಗಳಲ್ಲಿರೋ ಮಿತ್ರರೇ, ಬೆಳಗಿನ ಚಳಿ 7 ಡಿಗ್ರಿಗೆ ಬಂತೆಂದರೆ ತಡ ಮಾಡಬೇಡಿ. ಮೊದಲ ಹಿಮ ಬಿದ್ದ ದಿನ ಟೈರಂಗಡಿಯ ಕ್ಯೂ ತಿರುಪತಿಯ ಕ್ಯೂವಿನಂತಿರುತ್ತೆ. ನಿಮ್ಮ ಕಾರಿಗೆ ಯಾವುದು ಹಾಕಿಸಿದ್ರಿ, ಹೇಗಿದೆ, ಬರೀರಿ.